ಹಾಳೆ ಕೆಳಗಿಟ್ಟ ಮೇಲೆ ಬಾಯಿ ಬಂತು

ಮಂಡ್ಯದ ಹುಡುಗರು ಕಾಗದವಿಲ್ಲದೆ ನಿಂತು ಕವಿತೆ ಹೇಳುವುದು ಆಗದ ಮಾತು ಎಂದು ಕವಿಗೋಷ್ಠಿಗಳ ಹಿರಿಯರು ತೀರ್ಪು ಕೊಟ್ಟಿದ್ದರು. ಈಗ ಹಾಗೆಯೇ ಕವಿತೆ ಹೇಳುವ ನಮ್ಮ ತಿಂಗಳ ಸಂಜೆಗೆ ಎಪ್ಪತ್ತರ ಹತ್ತಿರ ಜನ ಸೇರುತ್ತಾರೆ. ಅದೇ ಹಿರಿಯರಲ್ಲಿ ಇಬ್ಬರು ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಹಣ ಕರಗಿದ್ದು ಜಾಗಕ್ಕೆ. ಮಂಡ್ಯದಲ್ಲಿ ಹಿಡಿದ ಸಭಾಂಗಣಕ್ಕೆ ಬಾಡಿಗೆ ಸುಮಾರು 2,500 ರೂಪಾಯಿ, ಮೈಕಿನವರಿಗೆ 1,500. ಪ್ರತಿಧ್ವನಿಯಲ್ಲಿ ಒಂದು ಸಾಲೂ ಕೇಳಲಿಲ್ಲ. ಮೈಸೂರಿನ ಕೆಫೆಯೊಂದು ಜಾಗ ಪುಕ್ಕಟೆ ಕೊಟ್ಟಿತು. ಆದರೆ ತಲೆಗೊಂದು ನೂರು ರೂಪಾಯಿಯ ಕಾಫಿ ಕಡ್ಡಾಯ, ಕವಿತೆಯ ನಡುವೆ ಮಿಕ್ಸರ್ ಸದ್ದು. ಸಂಜೆಯ ರೈಲು ಹಿಡಿಯಬೇಕಾದ ಹುಡುಗಿಯರು ಸರದಿಗೆ ಮೊದಲೇ ಎದ್ದು ಹೋಗುತ್ತಿದ್ದರು. ಕೊನೆಗೆ ನೆಲೆ ಸಿಕ್ಕಿದ್ದು ಮಂಡ್ಯದ ಟ್ಯೂಷನ್ ಕೇಂದ್ರವೊಂದರ ತಾರಸಿಯಲ್ಲಿ. ಏಳು ಸಾವಿರದ ಆಸುಪಾಸಿಗೆ ಸ್ಪೀಕರ್ ಕೊಂಡೆ. ಈಗ ತಿಂಗಳ ಖರ್ಚು ಸಾವಿರ ದಾಟುವುದಿಲ್ಲ, ಅದೂ ಹುಂಡಿಯಲ್ಲೇ ಬರುತ್ತದೆ.

ಎಲ್ಲಕ್ಕಿಂತ ಕಾಡಿದ್ದು ಸಾಲಿನ ಬಾಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರೆದದ್ದನ್ನು ಒಪ್ಪಿಸಿದರೆ ಪ್ರತಿ ಸಾಲೂ ‘ಇದ್ದೇನೆ’, ‘ಬಂದಿದ್ದೇನೆ’ ಎಂದು ಒಂದೇ ತಗ್ಗಿಗೆ ಇಳಿಯುತ್ತದೆ. ಹಾಗಾಗಿ ಬರೆಸುವುದನ್ನೇ ಬಿಟ್ಟೆ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಡೆಸುತ್ತ ಮೊಬೈಲಿಗೆ ಮಾತಾಡಿಸಿದೆ. ವಾರ ಕಳೆದು, ಧ್ವನಿ ಮುದ್ರಿಸಿದ್ದನ್ನು ಕೇಳದೆಯೇ ನೆನಪಿಗೆ ಬರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ ಎಂದೆ. ಮುಕ್ಕಾಲು ಪಾಲು ಉದುರಿತು. ಉಳಿದದ್ದರಲ್ಲಿ ಕ್ರಿಯಾಪದ ತಾನಾಗಿ ಮುಂದಕ್ಕೆ ಸರಿದಿತ್ತು. ಕಬ್ಬು ಸಾಗಿಸಿ ಹಣಕ್ಕೆ ಕಾಯುತ್ತಿದ್ದ ಅಪ್ಪನ ಬಗ್ಗೆ ಒಬ್ಬಳು ‘ಬರಲಿಲ್ಲ ದುಡ್ಡು, ಬಂತು ಬಡ್ಡಿ’ ಎಂದಾಗ ಹಿಂದೆ ನಿಂತಿದ್ದ ರೈತರೊಬ್ಬರು “ಇನ್ನೊಂದು ಸಲ ಹೇಳವ್ವ” ಎಂದರು. ದುಡ್ಡು, ಬಡ್ಡಿ: ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗುವ ನಮ್ಮ ಹಳೆಯ ಪ್ರಾಸ. ಅದನ್ನು ಈ ಮಕ್ಕಳ ಕಿವಿಗೆ ಹತ್ತಿಸಿದ್ದು ನಾನು ಎಂಬ ಹೆಮ್ಮೆ ನನಗಿದೆ.

1980ರ ದಶಕದಲ್ಲಿ ಚಿಕಾಗೋದ ಮಾರ್ಕ್ ಸ್ಮಿತ್ ಶುರುಮಾಡಿದ್ದು ಸ್ಲ್ಯಾಮ್, ಅಂದರೆ ಕವಿತೆ ಹೇಳಿದವರಿಗೆ ಕೇಳುಗರಲ್ಲೇ ಕೆಲವರು ಅಂಕ ಕೊಡುವ ಸ್ಪರ್ಧೆ. ಅದರಿಂದ ಬಂದ ಮೂರು ನಿಮಿಷದ ಗಡಿ ಇಟ್ಟುಕೊಂಡೆ, ಅಂಕ ಕಿತ್ತುಹಾಕಿದೆ. ಅಂಕವಿದ್ದಾಗ ಎಲ್ಲರೂ ಚಪ್ಪಾಳೆಗೆಂದೇ ತಾಯಿಯನ್ನೂ ಕಾವೇರಿಯನ್ನೂ ಕರೆತರುತ್ತಿದ್ದರು.

ನಡುವೆ ತಮಟೆ ಸೇರಿಸಿ ನೋಡಿದೆ, ಮಾತು ಮುಳುಗಿತು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಹಿಮ್ಮೇಳದಂತೆ, ಜನರ ನಡುವೆ ಇಬ್ಬರನ್ನು ಕೂರಿಸಿ ಒಂದು ಸಾಲನ್ನು ಮರಳಿ ಹೇಳಿಸಿದ್ದು ಮಾತ್ರ ಚೆನ್ನಾಗಿ ಹತ್ತಿತು. ಉದ್ದದ ಕವಿತೆಗಷ್ಟೇ ಅದು ಒಗ್ಗುತ್ತದೆ.

ನಡುಗುವ ಹುಡುಗನ ಬಾಯಿಂದ ಮೊದಲ ಸಾಲು ಹೊರಡಿಸುವುದು ಹೇಗೆಂದು ತುಂಬ ಜನ ಕೇಳುತ್ತಾರೆ. ಅದನ್ನು ಬರೆಯಲಾರೆ, ತಾರಸಿಗೆ ಬಂದರೆ ತೋರಿಸುತ್ತೇನೆ.