ಹಾಡು ಯಾರ ಮೊಬೈಲಿನಲ್ಲಿ ಇರಬೇಕು?

ಯಲ್ಲಾಪುರದ ಕಡೆಯ ನಮ್ಮ ಸಿದ್ದಿ ಕೇರಿಗೆ ಬಂದವರು ತಪ್ಪದೆ ಕೇಳುವ ಮಾತೊಂದಿದೆ: 'ನಿಮ್ಮ ಆಫ್ರಿಕಾ ಭಾಷೆ ಸ್ವಲ್ಪ ಮಾತಾಡಿ, ಕೇಳೋಣ.' ಅಂಥದ್ದು ನಮ್ಮಲ್ಲಿ ಇಲ್ಲ. ನಮ್ಮ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ನುಡಿ. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಕೊಂಕಣಿಯನ್ನೇ ತಮ್ಮ ಬಾಯಿಗೆ ಒಗ್ಗಿಸಿಕೊಂಡರು. ಅದಕ್ಕೆ ಕನ್ನಡ, ಮರಾಠಿ ಸೇರಿದವು. ಮುಸ್ಲಿಂ ಸಿದ್ದಿಗಳ ಮನೆಯಲ್ಲಿ ಉರ್ದು ಇದೆ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರ ಮುಖ ಸಪ್ಪಗಾಗಿರುತ್ತದೆ. ನಮ್ಮ ಮಾತು ನಮ್ಮದಲ್ಲ ಅನ್ನೋಕೆ ಇವರ್ಯಾರು?

ಡಮಾಮಿ ಅಂದರೆ ನಮ್ಮ ಚರ್ಮವಾದ್ಯ; ಅದರ ಜೊತೆ ಹಾಡುವ ಹಾಡುಗಳನ್ನು ನಾನು ರೆಕಾರ್ಡ್ ಮಾಡಲು ಶುರುಮಾಡಿದ್ದು ಸಿಟ್ಟಿನಿಂದಲೇ. ಹೊರಗಿನವರು ಬಂದು ಹಾಡಿಸಿಕೊಂಡು ಹೋಗುತ್ತಾರೆ. ವಿಡಿಯೋ ಎಲ್ಲಿಗೆ ಹೋಯಿತು ಅಂತ ಹಾಡಿದವರಿಗೇ ಗೊತ್ತಿರುವುದಿಲ್ಲ.

ನಾವು ರಾತ್ರಿ ಊಟ ಆದ ಮೇಲೆ ಕೂರುತ್ತೇವೆ. ಡಮಾಮಿ ಪಕ್ಕದಲ್ಲೇ ಬಾರಿಸಿದರೆ ಫೋನಿನಲ್ಲಿ ದನಿ ಮುಳುಗಿಹೋಗುತ್ತದೆ. ಹಾಗಾಗಿ ಮೊದಲು ಬರೀ ಚಪ್ಪಾಳೆಯ ಜೊತೆ ಹಾಡಿಸುತ್ತೇನೆ. ಆಮೇಲೆ ಅದೇ ಹಾಡನ್ನು ಮಾತಿನ ಹಾಗೆ ನಿಧಾನ ಹೇಳಿಸುತ್ತೇನೆ. ಡಮಾಮಿ ಕೊನೆಗೆ, ಅಂಗಳದಲ್ಲಿ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, ನಮ್ಮ ಗುರುತಿಗೆ ಒಂದು ಕಾಗದ ಸಿಕ್ಕಿತು. ಹಾಡಿಗೆ ಅಂಥ ಕಾಗದ ಯಾರು ಕೊಡ್ತಾರೆ? ಅದಕ್ಕೇ ಒಪ್ಪಿಗೆಯನ್ನೂ ದನಿಯಲ್ಲೇ ತೆಗೆದುಕೊಳ್ಳುತ್ತೇನೆ. 'ಆಯಿ, ಇದನ್ನ ಯಾರು ಕೇಳಬಹುದು?' ಎಂದು ಶುರುವಿಗೇ ಕೇಳುತ್ತೇನೆ. ಕುಣಿತದ ಹಾಡಾದರೆ 'ಎಲ್ರೂ ಕೇಳ್ಲಿ' ಅನ್ನುತ್ತಾರೆ. ಹಿರಿಯರ ಪೂಜೆಯದ್ದಾದರೆ ಮನೆ ಬಿಟ್ಟು ಹೋಗಬಾರದು. ಬೇಡ ಅಂದರೆ ಅವರ ಎದುರಿಗೇ ಅಳಿಸುತ್ತೇನೆ. ಉಳಿದದ್ದರ ಒಂದು ಪ್ರತಿ ಮೆಮೊರಿ ಕಾರ್ಡಿನಲ್ಲಿ ಹಾಡಿದವರ ಮನೆಗೇ ಹೋಗುತ್ತದೆ. ಸಂಶೋಧನೆಗೆ ಅಂತ ಬಂದವರು ಅವರನ್ನೇ ಕೇಳಲಿ, ನನ್ನನ್ನಲ್ಲ.

ಬರೆದಿಡುವುದು ಕನ್ನಡ ಲಿಪಿಯಲ್ಲಿ, ಮಕ್ಕಳು ಶಾಲೆಯಲ್ಲಿ ಕಲಿಯುವುದು ಅದೇ ಅಲ್ವಾ? ಮೂಗಿನಲ್ಲಿ ಎಳೆಯುವ ಸ್ವರಗಳದ್ದೇ ತಕರಾರು. ಸೊನ್ನೆ ಹಾಕಿದರೆ ಹುಡುಗರು 'ಮ್' ಅಂತ ಮುಚ್ಚಿಬಿಡುತ್ತಾರೆ. ಈಗ ಅಕ್ಷರದ ಮೇಲೆ ಸಣ್ಣ ಗೆರೆ ಎಳೆಯುತ್ತೇವೆ. ಹುಡುಗರು ಗಟ್ಟಿಯಾಗಿ ಓದುತ್ತಾರೆ, ಅಜ್ಜಿಯರು ನಕ್ಕು ತಿದ್ದುತ್ತಾರೆ. ಮುಂಡಗೋಡಿನ ನೆಂಟರು ಅದೇ ಹಾಡನ್ನು ಬೇರೆ ಥರ ಹಾಡಿದರೆ ಎರಡನ್ನೂ ಇಟ್ಟುಕೊಳ್ಳುತ್ತೇವೆ. ಯಾವುದು ಸರಿ ಅಂತ ತೀರ್ಮಾನಿಸುವ ಗೋಜಿಗೆ ನಾನು ಹೋಗಿಲ್ಲ.

ಬಗೆಹರಿಯದೆ ಉಳಿದದ್ದು ಸೊಪ್ಪಿನ ಜಗಳ. ವೇದಿಕೆಗೆ ಕರೆಯುವವರು ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಬಣ್ಣ ಬಳಿದುಕೊಂಡು ಬನ್ನಿ ಅನ್ನುತ್ತಾರೆ. ನಮ್ಮ ಆಯಿಯಂದಿರು ಡಮಾಮಿಗೆ ಕುಣಿಯುವುದು ಸೀರೆಯಲ್ಲೇ. ಸೊಪ್ಪು ಕಟ್ಟಿದರೆ ಕಾರ್ಯಕ್ರಮ ಜಾಸ್ತಿ ಸಿಗುತ್ತವೆ ಅನ್ನೋದು ಹುಡುಗರ ಲೆಕ್ಕ, ಅದು ಸುಳ್ಳೂ ಅಲ್ಲ. ಸದ್ಯಕ್ಕೆ ಹುಡುಗರು ಬೇಕಿದ್ದರೆ ಕಟ್ಟಿಕೊಳ್ಳಲಿ, ಹೆಂಗಸರನ್ನು ಒತ್ತಾಯ ಮಾಡುವಂತಿಲ್ಲ ಎಂದು ಒಪ್ಪಂದ ಆಗಿದೆ. ದುಡ್ಡಿನಲ್ಲಿ ಮಾತ್ರ ರಾಜಿ ಇಲ್ಲ: ಬಾರಿಸುವವರಿಗೆ ಎಷ್ಟೋ ಹಾಡುವವರಿಗೂ ಅಷ್ಟೇ.