ಬಾಗಿಲಿಗೆ ಬೆಣೆ: ಇಳಿಜಾರಿನ ಲೆಕ್ಕ, ತಯಾರಿಯ ಕ್ರಮ

ಗಾಳಿಗೆ ಬಾಗಿಲು ಧಡಾರನೆ ಬಡಿದುಕೊಳ್ಳದಂತೆ ಇಟ್ಟಿಗೆಯನ್ನೋ ರುಬ್ಬುಗುಂಡನ್ನೋ ಒತ್ತಿಡುವುದು ಅನೇಕ ಮನೆಗಳ ರೂಢಿ. ಗಾಳಿ ಜೋರಾದಾಗ ಈ ಉಪಾಯ ಕೈಕೊಡುವುದಕ್ಕೆ ಸರಳವಾದ ಲೆಕ್ಕವೊಂದಿದೆ. 90 ಸೆಂ.ಮೀ. ಅಗಲ, 210 ಸೆಂ.ಮೀ. ಎತ್ತರದ ಬಾಗಿಲಿಗೆ ಗಂಟೆಗೆ 36 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 11 ಕಿಲೋ ತೂಕಕ್ಕೆ ಸಮ. ಮೂರು ಕಿಲೋ ಇಟ್ಟಿಗೆಯಾದರೋ ನಯವಾದ ಟೈಲ್ಸ್ ಮೇಲೆ ತನ್ನ ತೂಕದ ಅರ್ಧದಷ್ಟು ಬಲ ಬಿದ್ದರೆ ಜಾರತೊಡಗುತ್ತದೆ. ಹೀಗಿರುವಾಗ ನೂರು ಗ್ರಾಮ್ ಕೂಡ ತೂಗದ ಮರದ ಬೆಣೆಯೊಂದು ಅದೇ ಬಾಗಿಲನ್ನು ಅಲುಗದಂತೆ ಹಿಡಿಯುವುದು ತೂಕದ ಬಲದಿಂದಲ್ಲ, ಇಳಿಜಾರಿನ ಬಲದಿಂದ.

ಬಾಗಿಲು ಬೆಣೆಯನ್ನು ತಳ್ಳಿದಾಗ ಅದರ ಕೆಳಅಂಚು ಇಳಿಜಾರಿನ ಮೇಲೆ ಕೂದಲೆಳೆಯಷ್ಟು ಏರುತ್ತದೆ. ಕೀಲುಗಳಲ್ಲಿರುವ ಅಲ್ಪಸ್ವಲ್ಪ ಸಡಿಲ ಅಲ್ಲಿಗೆ ಮುಗಿದುಹೋಗಿ, ಮೇಲೇರಲಾರದ ಬಾಗಿಲು ಬೆಣೆಯನ್ನು ನೆಲಕ್ಕೆ ಒತ್ತಲಾರಂಭಿಸುತ್ತದೆ. ಒತ್ತಡ ಹೆಚ್ಚಿದಷ್ಟೂ ನೆಲದ ಹಿಡಿತ ಹೆಚ್ಚುತ್ತದೆ. ಎಂದರೆ ಗಾಳಿ ಎಷ್ಟು ನೂಕುತ್ತದೆಯೋ ಬೆಣೆ ಅಷ್ಟೇ ಬಿಗಿಯಾಗುತ್ತದೆ. ಆದರೆ ಇದು ನಡೆಯಬೇಕಾದರೆ ಬೆಣೆ ನೆಲದ ಮೇಲೆ ಜಾರುವ ಮೊದಲೇ ಬಾಗಿಲು ಬೆಣೆಯ ಮೇಲೆ ಜಾರಬೇಕು. ಆದ್ದರಿಂದ ಬೆಣೆಯ ತಳ ಒರಟಾಗಿರಬೇಕು, ಮೇಲ್ಮೈ ನಯವಾಗಿರಬೇಕು. ಎರಡೂ ಕಡೆ ರಬ್ಬರ್ ಅಂಟಿಸಿದರೆ ಹಿಡಿತ ಇಮ್ಮಡಿಯಾದೀತೆಂದು ಭಾವಿಸುವವರಿದ್ದಾರೆ. ಮೇಲಿನ ರಬ್ಬರ್ ಬಾಗಿಲನ್ನು ಏರಗೊಡದೆ ಬೆಣೆಯನ್ನು ಇಡಿಯಾಗಿ ಮುಂದಕ್ಕೆ ಎಳೆದೊಯ್ಯುತ್ತದೆಯಾದ್ದರಿಂದ ಅದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ಇಳಿಜಾರು ಎಷ್ಟಿರಬೇಕೆಂಬುದನ್ನು ಮನೆಯಲ್ಲೇ ಅಳೆಯಬಹುದು. ಮನೆ ಕಟ್ಟುವಾಗ ಉಳಿದ, ನಿಮ್ಮ ನೆಲಕ್ಕೆ ಹಾಕಿದಂಥದ್ದೇ ಒಂದು 60 ಸೆಂ.ಮೀ. ಟೈಲ್ ಮೇಲೆ, ತಳಕ್ಕೆ ರಬ್ಬರ್ ಅಂಟಿಸಿದ ಮರದ ತುಂಡೊಂದನ್ನು ಇಟ್ಟು, ಟೈಲಿನ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಿ. ತುಂಡು ಜಾರುವ ಕ್ಷಣದಲ್ಲಿ ಆ ತುದಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿದ್ದರೆ ಜಾರುವ ಕೋನ 30 ಡಿಗ್ರಿ. ಬಳಿಕ ತುಂಡಿನ ನಯವಾದ ಮುಖವನ್ನು, ಬಾಗಿಲಿಗೆ ಬಳಿದ ಬಣ್ಣವನ್ನೇ ಬಳಿದ ಹಲಗೆಯ ಮೇಲಿಟ್ಟು ಅದೇ ಪ್ರಯೋಗವನ್ನು ಮಾಡಿ. ಅಲ್ಲಿ 15 ಡಿಗ್ರಿ ಬಂದರೆ, ಎರಡರ ವ್ಯತ್ಯಾಸವಾದ 15 ಡಿಗ್ರಿಗಿಂತ ಬೆಣೆಯ ಇಳಿಜಾರು ಕಡಿಮೆಯಿರಬೇಕು. ನೆಲ ಒದ್ದೆಯಾದಾಗ ಮೊದಲನೆಯ ಕೋನ ಇಳಿಯುತ್ತದೆ, ಧೂಳು ಕೂತಾಗಲೂ ಇಳಿಯುತ್ತದೆ. ಹಾಗಾಗಿ 10-11 ಡಿಗ್ರಿಗೆ ನಿಲ್ಲಿಸುವುದು ಕ್ಷೇಮ.

ಇನ್ನು ತಯಾರಿ. 125 ಮಿ.ಮೀ. ಉದ್ದ, 45 ಮಿ.ಮೀ. ಅಗಲ, 30 ಮಿ.ಮೀ. ದಪ್ಪದ ಗಟ್ಟಿ ಮರದ ತುಂಡೊಂದು ಸಾಕು. ಬಡಗಿಯ ಬಳಿ ಉಳಿದ ತೇಗ ಅಥವಾ ಹೊನ್ನೆಯ ಚೂರು ಸಿಕ್ಕರೆ ಒಳ್ಳೆಯದು. ಪ್ಲೈವುಡ್ಡಿನ ತೆಳುವಾದ ತುದಿ ಪದರುಪದರಾಗಿ ಏಳುವುದರಿಂದ ಅದು ಬೇಡ. ಮರದ ಎಳೆ ಉದ್ದಕ್ಕೆ ಹರಿದಿರಬೇಕು, ಅಡ್ಡಎಳೆಯಾದರೆ ತುದಿ ಮುರಿಯುತ್ತದೆ. 30 ಮಿ.ಮೀ. ದಪ್ಪದ ಪಕ್ಕದ ಮುಖದಲ್ಲಿ ಒಂದು ತುದಿಯಲ್ಲಿ ಮೇಲಿನಿಂದ 3 ಮಿ.ಮೀ., ಇನ್ನೊಂದು ತುದಿಯಲ್ಲಿ ಕೆಳಗಿನಿಂದ 3 ಮಿ.ಮೀ. ಬಿಟ್ಟು ಗುರುತು ಹಾಕಿ, ಎರಡನ್ನೂ ಸೇರಿಸುವ ಓರೆಗೆರೆಯನ್ನು ಎಳೆದು ಗರಗಸದಿಂದ ಕೊಯ್ದರೆ ಒಂದೇ ತುಂಡಿನಿಂದ ಎರಡು ಬೆಣೆಗಳು ಸಿಗುತ್ತವೆ. ಎರಡರ ಇಳಿಜಾರೂ ಸುಮಾರು 11 ಡಿಗ್ರಿ. ಕೊಯ್ದ ಮುಖವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ನಯಗೊಳಿಸಿ, ಅದರ ಮೇಲೆ ಮೇಣದಬತ್ತಿಯನ್ನು ತಿಕ್ಕಿ. ತಳಕ್ಕೆ ಹಳೆಯ ಸೈಕಲ್ ಟ್ಯೂಬಿನ ರಬ್ಬರನ್ನು ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಹಚ್ಚಿ ಅಂಟಿಸಬೇಕು. ರಬ್ಬರಿನ ಹೊಳಪು ಹೋಗುವಂತೆ ಮೊದಲೇ ಕೆರೆದುಕೊಂಡು, ಎರಡೂ ಕಡೆ ಸೊಲ್ಯೂಷನ್ ಹಚ್ಚಿ, ಅದು ಕೈಗೆ ಅಂಟದಷ್ಟು ಒಣಗಿದ ಮೇಲೆಯೇ ಜೋಡಿಸಿ ಒತ್ತಬೇಕು. ಹಸಿಯಾಗಿದ್ದಾಗ ಅಂಟಿಸಿದ ರಬ್ಬರ್ ಕ್ರಮೇಣ ಮಡಚಿಕೊಂಡು ಹೊರಬರುತ್ತದೆ.

ಬಾಗಿಲಿನ ಕೆಳಗೆ 12 ಮಿ.ಮೀ. ಸಂದಿಯಿದ್ದರೆ ಈ ಬೆಣೆ ಸುಮಾರು 4 ಸೆಂ.ಮೀ. ಒಳಸೇರಿ ನಿಲ್ಲುತ್ತದೆ. ಸಂದಿ ಎರಡು ಸೆಂ.ಮೀ. ದಾಟಿದ್ದರೆ ಕೊನೆಯ ದಪ್ಪವನ್ನು ಹೆಚ್ಚಿಸುವುದರ ಜೊತೆಗೆ ಉದ್ದವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕು. ದಪ್ಪ ಮಾತ್ರ ಹೆಚ್ಚಿದರೆ ಇಳಿಜಾರು ಕಡಿದಾಗುತ್ತದೆ. ಬಾಗಿಲು ಯಾವ ಕಡೆಗೆ ಚಲಿಸಬಾರದೋ ಆ ಕಡೆಯಿಂದ ತೆಳು ತುದಿಯನ್ನು ಒಳತೂರಿಸಿ, ಹಿಂಬದಿಗೆ ಕಾಲಿನಿಂದ ಒಮ್ಮೆ ಮೆಲ್ಲಗೆ ತಟ್ಟಿದರಾಯಿತು. ಜಾರುತ್ತಿದೆಯೇ ಎಂಬ ಅನುಮಾನವಿದ್ದರೆ ಬೆಣೆಯ ಸುತ್ತ ನೆಲಕ್ಕೆ ಸೀಮೆಸುಣ್ಣದಿಂದ ಗೆರೆಯೆಳೆದು ಬಾಗಿಲನ್ನು ನೂಕಿ ನೋಡಿ. ಗೆರೆ ದಾಟಿ ಬಂದಿದ್ದರೆ ದೋಷ ಬಹುತೇಕ ತಳದ್ದು. ಒದ್ದೆ ಬಟ್ಟೆಯಿಂದ ರಬ್ಬರನ್ನು ಒರೆಸಿ ಒಣಗಿಸಿದರೆ ಹಲವು ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಬೆಣೆಯನ್ನಿಡುವ ಜಾಗವೂ ಮುಖ್ಯ. ಗಾಳಿಯ ಬಲ ಬಾಗಿಲಿನ ನಡುವೆ ಬಿದ್ದಂತೆ ಲೆಕ್ಕ. ಕೀಲಿನಿಂದ 80 ಸೆಂ.ಮೀ. ದೂರದಲ್ಲಿ ಬೆಣೆಯಿಟ್ಟರೆ ಅದು ಹೊರಬೇಕಾದದ್ದು ಆ ಬಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ, 20 ಸೆಂ.ಮೀ. ದೂರದಲ್ಲಿಟ್ಟರೆ ಎರಡು ಪಟ್ಟಿಗೂ ಮಿಗಿಲು. ಕೀಲಿನ ಹತ್ತಿರ ಇಡುವುದರಿಂದ ಕೀಲಿನ ಸ್ಕ್ರೂಗಳೂ ಕಿತ್ತುಬರುವ ಅಪಾಯವಿದೆ.

ಬಾಗಿಲಿಗೇ ಬಿಗಿಯುವ, ಕಾಲಿನಿಂದ ಕೆಳಗಿಳಿಸುವ ಸ್ಟಾಪರ್‌ಗಳು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳ ಓರೆಯಾದ ಕಾಲೂ ಇದೇ ತತ್ತ್ವದಲ್ಲಿ ನೆಲವನ್ನು ಒತ್ತುತ್ತದೆ, ಆದರೆ ಒಂದು ದಿಕ್ಕಿನಲ್ಲಿ ಮಾತ್ರ. ತಿರುಗುಮುರುಗಾಗಿ ಬಿಗಿದರೆ ನಿಷ್ಪ್ರಯೋಜಕ. ಅಪಾರ್ಟ್‌ಮೆಂಟುಗಳ ಮೆಟ್ಟಿಲ ಬಳಿಯ ಅಗ್ನಿನಿರೋಧಕ ಬಾಗಿಲಿಗೆ ಮಾತ್ರ ಯಾವ ಬೆಣೆಯನ್ನೂ ಇಡಕೂಡದು, ಏಕೆಂದರೆ ಹೊಗೆಯನ್ನು ತಡೆಯಬೇಕಾದ ಆ ಬಾಗಿಲು ಮುಚ್ಚಿಯೇ ಇರಬೇಕು.

ತೆರೆದ ಬಾಗಿಲು ಗೋಡೆಗೆ ಬಡಿಯುವುದನ್ನು ತಡೆಯುವ ರಬ್ಬರ್ ಗುಬುಟಿನ ಲೆಕ್ಕ ಬೇರೆ. ಇಲ್ಲಿರುವುದು ಸತತ ಒತ್ತಡವಲ್ಲ, ಒಂದೇ ಏಟು. ಒಂದೇ ದಪ್ಪದ ಬಾಗಿಲು ಕೀಲಿನಿಂದ ತನ್ನ ಅಗಲದ ಮೂರನೆಯ ಎರಡು ಭಾಗದಷ್ಟು ದೂರದಲ್ಲಿ ಏಟು ತಿಂದರೆ ಕೀಲುಗಳಿಗೆ ಅದರ ಆಘಾತ ಹೆಚ್ಚುಕಡಿಮೆ ತಟ್ಟುವುದಿಲ್ಲ; 90 ಸೆಂ.ಮೀ. ಬಾಗಿಲಿಗೆ ಆ ಬಿಂದು 60 ಸೆಂ.ಮೀ. ದೂರದಲ್ಲಿರುತ್ತದೆ. ಸಾಮಾನ್ಯವಾಗಿ ಇದನ್ನು ಬಾಗಿಲಿನ ಹೊರಅಂಚಿನ ಬಳಿ ಬಿಗಿದುಬಿಡುತ್ತಾರೆ, ಪ್ರತಿ ಏಟಿಗೂ ಕೀಲು ಸಡಿಲವಾಗುತ್ತ ಬರುತ್ತದೆ. ಗುಬುಟಿನ ಉದ್ದ ಬಾಗಿಲಿನ ಹಿಡಿ ಹೊರಚಾಚಿರುವುದಕ್ಕಿಂತ ಕಡಿಮೆಯಿರದಂತೆ ನೋಡಿಕೊಳ್ಳಿ. ಒಳಗೆ ಟೊಳ್ಳಾದ ಫ್ಲಶ್ ಡೋರ್ ಆಗಿದ್ದರೆ ಗುಬುಟು ಕೆಳಗಿನ ಗಟ್ಟಿ ಪಟ್ಟಿಗೆ ತಾಗುವ ಎತ್ತರದಲ್ಲಿ ಗೋಡೆಗೆ ತೂತು ಕೊರೆಯಬೇಕು.