ಪ್ರಾಸ್ಟೇಟ್ ಕ್ಯಾನ್ಸರ್ ಬೇಗ ಪತ್ತೆಯಾದಾಗ: ಆಪರೇಷನ್ನೋ, ಕರೆಂಟೋ?

ಬಯಾಪ್ಸಿ ವರದಿ ಕೈಗೆ ಬಂದ ದಿನ ಮನೆಗೆ ಬಂದವರೆಲ್ಲ ಕೇಳುವುದು ಒಂದೇ, ಆಪರೇಷನ್ ಯಾವಾಗ ಎಂದು. ಗಡ್ಡೆ ತೆಗೆದುಬಿಟ್ಟರೆ ಪೀಡೆ ತೊಲಗಿತು ಎನ್ನುವವರು ಒಂದು ಕಡೆ. ಕತ್ತರಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ, ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ ಕೊಡಿಸುವುದೇ ಮೇಲು ಎನ್ನುವವರು ಇನ್ನೊಂದು ಕಡೆ. ಈ ಕಾಯಿಲೆಯ ಮಟ್ಟಿಗೆ ಎರಡೂ ದಾರಿ ತಪ್ಪಿಸುವ ಮಾತುಗಳು. ನನ್ನ ತಂದೆಯವರಿಗೆ 67ನೇ ವಯಸ್ಸಿನಲ್ಲಿ ಇದು ಪತ್ತೆಯಾದಾಗ ತೀರ್ಮಾನಕ್ಕೆ ಬರಲು ನಮಗೆ ಏಳು ವಾರ ಹಿಡಿಯಿತು, ಅದರಲ್ಲಿ ಮೂರು ವಾರ ಬರೀ ಗಾಬರಿಗೇ ಹೋಯಿತು. ಗ್ರಂಥಿಯೊಳಗೇ ಉಳಿದಿರುವ ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಬಯಾಪ್ಸಿಯಿಂದಾದ ಊತ ಇಳಿಯಲೆಂದು ಅನೇಕ ಶಸ್ತ್ರವೈದ್ಯರೂ ಕೆಲವು ವಾರ ಕಾಯುತ್ತಾರೆ. ಆ ಸಮಯವನ್ನು ಹೇಗೆ ಬಳಸಿಕೊಳ್ಳಬಹುದಿತ್ತು ಎಂದು ನನಗೆ ಆಮೇಲೆ ಹೊಳೆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವರದಿಯಿಂದ ಮೂರು ಸಂಗತಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ರಕ್ತದಲ್ಲಿನ ಪಿಎಸ್ಎ (ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಒಂದು ಪ್ರೋಟೀನ್) ಪ್ರಮಾಣ, ಕ್ಯಾನ್ಸರ್ ಎಷ್ಟು ಉಗ್ರ ಎಂದು ಸೂಚಿಸುವ ಬಯಾಪ್ಸಿಯ ಗ್ಲೀಸನ್ ಅಂಕ, ಮತ್ತು ಟಿ ಹಂತ, ಅಂದರೆ ಗಡ್ಡೆ ಗ್ರಂಥಿಯ ಎಷ್ಟು ಭಾಗವನ್ನು ಆವರಿಸಿದೆ ಎಂಬುದು. ಪಿಎಸ್ಎ 10ಕ್ಕಿಂತ ಕಡಿಮೆಯಿದ್ದು, ಗ್ಲೀಸನ್ 6 ಆಗಿದ್ದು, ಗಡ್ಡೆಯೂ ಚಿಕ್ಕದಾಗಿದ್ದರೆ ಅದನ್ನು ಕಡಿಮೆ ಅಪಾಯದ ಗುಂಪಿಗೆ ಸೇರಿಸುತ್ತಾರೆ. ಪಿಎಸ್ಎ 10ರಿಂದ 20ರವರೆಗೆ ಅಥವಾ ಗ್ಲೀಸನ್ 7 ಇದ್ದರೆ ಮಧ್ಯಮ. ಪಿಎಸ್ಎ 20 ದಾಟಿದರೆ ಅಥವಾ ಗ್ಲೀಸನ್ 8ರಿಂದ 10 ಇದ್ದರೆ ಹೆಚ್ಚಿನ ಅಪಾಯ. ಮೊದಲ ಗುಂಪಿನಲ್ಲಿ ಇರುವವರು ಆಪರೇಷನ್ನೋ ಕರೆಂಟೋ ಎಂದು ಕೇಳುವ ಮೊದಲು ಈಗಲೇ ಚಿಕಿತ್ಸೆ ಬೇಕೇ ಎಂದು ಕೇಳಬೇಕು. ನಿಯತವಾಗಿ ಪಿಎಸ್ಎ, ಎಂಆರ್‌ಐ, ಅಗತ್ಯ ಬಿದ್ದಾಗ ಮತ್ತೆ ಬಯಾಪ್ಸಿ ಮಾಡಿಸುತ್ತ ಕಾದು ನೋಡುವುದು ಅಂಥವರಿಗೆ ವೈದ್ಯರೇ ಸೂಚಿಸುವ ಒಪ್ಪಿತ ಮಾರ್ಗ. ಅದನ್ನು ನಿರ್ಲಕ್ಷ್ಯ ಎಂದು ಯಾರೂ ಭಾವಿಸಬಾರದು.

ಚಿಕಿತ್ಸೆ ಬೇಕೆಂದಾದರೆ ಎರಡರಲ್ಲಿ ಯಾವುದು ಜೀವ ಉಳಿಸುವುದರಲ್ಲಿ ಮೇಲು ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಸಿಕ್ಕಿರುವ ಅತ್ಯುತ್ತಮ ಉತ್ತರ ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದ್ದು. ಅಲ್ಲಿ 50ರಿಂದ 69 ವಯಸ್ಸಿನ 1,643 ಗಂಡಸರನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಿಗೆ ಹಂಚಿದರು: ಕಾದು ನೋಡುವವರು, ಶಸ್ತ್ರಚಿಕಿತ್ಸೆಯವರು, ವಿಕಿರಣದವರು. 2023ರಲ್ಲಿ ಪ್ರಕಟವಾದ 15 ವರ್ಷಗಳ ಲೆಕ್ಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 2.2, ವಿಕಿರಣದ ಗುಂಪಿನಲ್ಲಿ 2.9, ಕಾದು ನೋಡಿದವರಲ್ಲಿ 3.1. ಈ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ರೋಗ ಬೇರೆಡೆಗೆ ಹರಡಿದ್ದು ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಎರಡರಲ್ಲೂ ನೂರಕ್ಕೆ ಸುಮಾರು 5 ಜನರಲ್ಲಿ, ಕಾದವರಲ್ಲಿ 9 ಜನರಲ್ಲಿ. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಡಿಮೆ ಅಥವಾ ಮಧ್ಯಮ ಅಪಾಯದವರು ಎಂಬುದನ್ನು ಮರೆಯದೆ ಹೇಳುವುದಾದರೆ, ವಾಸಿಯಾಗುವ ವಿಷಯದಲ್ಲಿ ಎರಡು ದಾರಿಗಳೂ ಸರಿಸಮ. ಹಾಗಾದರೆ ಉಳಿದದ್ದು ಯಾವ ತೊಂದರೆಯ ಜೊತೆ ಬಾಳುವುದು ನಿಮಗೆ ಸಾಧ್ಯ ಎಂಬುದು.

ಶಸ್ತ್ರಚಿಕಿತ್ಸೆಯಲ್ಲಿ ಇಡೀ ಗ್ರಂಥಿಯನ್ನು ತೆಗೆದು ಮೂತ್ರಕೋಶವನ್ನು ಮೂತ್ರನಾಳಕ್ಕೆ ಸೇರಿಸಿ ಹೊಲಿಯುತ್ತಾರೆ. ಒಂದೆರಡು ವಾರ ಮೂತ್ರ ಹರಿಸುವ ನಳಿಕೆ, ಅಂದರೆ ಕ್ಯಾತಿಟರ್ ಇರುತ್ತದೆ. ಅದನ್ನು ತೆಗೆದ ಮೇಲೆ ಶುರುವಾಗುವ ಸೋರಿಕೆಯ ಬಗ್ಗೆ ಮನಸ್ಸನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು, ಏಕೆಂದರೆ ಪ್ರೊಟೆಕ್ಟ್‌ನಲ್ಲಿ ಆರು ತಿಂಗಳ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರರಲ್ಲಿ 46 ಜನ ಪ್ಯಾಡ್ ಬಳಸುತ್ತಿದ್ದರು, ಆರು ವರ್ಷಕ್ಕೆ ಅದು 17ಕ್ಕೆ ಇಳಿಯಿತು. ವಿಕಿರಣದವರಲ್ಲಿ ಆಗ ಅದು 4 ಮಾತ್ರ. ಕೆಮ್ಮಿದಾಗ, ಕುರ್ಚಿಯಿಂದ ಏಳುವಾಗ, ಗೊಬ್ಬರದ ಮೂಟೆ ಎತ್ತುವಾಗ ಹನಿಯುವುದೇ ಹೆಚ್ಚು. ಇಲ್ಲೊಂದು ಸಣ್ಣ ಸಂಗತಿ, ಯಾವ ಕರಪತ್ರದಲ್ಲೂ ನಾನು ಕಾಣದ್ದು: ಪಂಚೆಯಲ್ಲಿ ಪ್ಯಾಡ್ ನಿಲ್ಲುವುದಿಲ್ಲ. ಬಿಗಿಯಾದ ಒಳ ಉಡುಪನ್ನು ಮೊದಲೇ ಕೊಂಡಿಟ್ಟುಕೊಳ್ಳದಿದ್ದರೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತವರು ಏಳಲಾಗದೆ ಕೂತೇ ಇರಬೇಕಾಗುತ್ತದೆ. ಗುದದ್ವಾರದ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮವನ್ನು ಆಪರೇಷನ್ನಿಗೆ ಕೆಲವು ವಾರ ಮೊದಲೇ ಫಿಸಿಯೋಥೆರಪಿಸ್ಟರಿಂದ ಕಲಿತು ಶುರುಮಾಡಿದರೆ ಹಿಡಿತ ಬೇಗ ಬರುತ್ತದೆ.

ಲೈಂಗಿಕ ವಿಷಯವನ್ನು ನಮ್ಮ ಕಡೆ ಗಂಡಸರು ಕೇಳುವುದೇ ಇಲ್ಲ, ವೈದ್ಯರೂ ವಯಸ್ಸು ನೋಡಿ ಹೇಳುವುದಿಲ್ಲ. ನೀವೇ ಕೇಳಿ. ನಿಮಿರುವಿಕೆಯ ನರಗಳು ಗ್ರಂಥಿಗೆ ಅಂಟಿಕೊಂಡೇ ಹಾದುಹೋಗುತ್ತವೆ. ಅವನ್ನು ಉಳಿಸಲು ಸಾಧ್ಯವೇ ಎಂಬುದು ಗಡ್ಡೆ ಯಾವ ಬದಿಗಿದೆ ಎಂಬುದನ್ನು ಅವಲಂಬಿಸಿದೆ. ಪ್ರೊಟೆಕ್ಟ್‌ನಲ್ಲಿ ಆರು ತಿಂಗಳಿಗೆ ಸಂಭೋಗ ಸಾಧ್ಯವಾಗುತ್ತಿದ್ದವರು ಶಸ್ತ್ರಚಿಕಿತ್ಸೆಯವರಲ್ಲಿ ನೂರಕ್ಕೆ 12, ವಿಕಿರಣದವರಲ್ಲಿ 22. ವಿಕಿರಣದವರಿಗೆ ಕೆಲವು ತಿಂಗಳು ಹಾರ್ಮೋನ್ ತಡೆಯುವ ಮದ್ದನ್ನೂ ಕೊಟ್ಟಿದ್ದರಿಂದ ಆ ಇಳಿಕೆಯಲ್ಲಿ ಅದರ ಪಾಲೂ ಇದೆ. 12 ವರ್ಷದ ಹೊತ್ತಿಗೆ ಈ ಅಂತರ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ವಿಕಿರಣದಲ್ಲಿ ಗಾಯವಿಲ್ಲ, ಅರಿವಳಿಕೆಯಿಲ್ಲ, ಆದರೆ ದಿನಗಳು ಬೇಕು. ಹಿಂದೆ ಏಳೆಂಟು ವಾರ ಹಿಡಿಯುತ್ತಿದ್ದದ್ದು ಈಗ ಅನೇಕ ಕಡೆ 20 ಸರದಿಗಳಲ್ಲಿ, ಅಂದರೆ ನಾಲ್ಕು ವಾರದಲ್ಲಿ ಮುಗಿಯುತ್ತದೆ. ಸೂಕ್ತ ರೋಗಿಗಳಿಗೆ ಐದೇ ಸರದಿಗಳಲ್ಲಿ ಕೊಡುವ ಕ್ರಮವೂ ಬಂದಿದೆ, ನಿಮ್ಮ ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ವಿಚಾರಿಸಿ. ಪ್ರತಿ ಸರದಿಗೂ ಮೂತ್ರಕೋಶ ತುಂಬಿರಬೇಕು, ಮಲಾಶಯ ಖಾಲಿಯಿರಬೇಕು. ತಂದೆಯವರ ಜೊತೆ ಕಾಯುವ ಬೆಂಚಿನ ಮೇಲೆ ಕೂತಿದ್ದವರೆಲ್ಲರ ಕೈಯಲ್ಲೂ ಒಂದೊಂದು ನೀರಿನ ಬಾಟಲಿ. ಯಂತ್ರ ಕೆಟ್ಟು ಸರದಿ ಮುಂದೆ ಹೋದ ದಿನ ಅಲ್ಲಿನ ಹಿರಿಯರು ಮೂತ್ರ ಹಿಡಿದುಕೊಂಡು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದರು. ಚಿಕಿತ್ಸೆಯ ಕೊನೆಯ ವಾರಗಳಲ್ಲಿ ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು, ಉರಿ, ಭೇದಿ ಸಾಮಾನ್ಯ, ಅವು ಸಾಮಾನ್ಯವಾಗಿ ಇಳಿಯುತ್ತವೆ. ತಡವಾಗಿ ಬರುವ ತೊಂದರೆ ಮಲಾಶಯದ್ದು: ಮಲದಲ್ಲಿ ರಕ್ತ, ತಡೆಯಲಾಗದ ಅವಸರ. ಪ್ರೊಟೆಕ್ಟ್‌ನಲ್ಲಿ 12 ವರ್ಷಗಳ ನಂತರ ಮಲ ಸೋರುವ ತೊಂದರೆ ವಿಕಿರಣದವರಲ್ಲಿ ನೂರಕ್ಕೆ 12, ಶಸ್ತ್ರಚಿಕಿತ್ಸೆಯವರಲ್ಲಿ 6. ಅಪಾಯ ಹೆಚ್ಚಿದ್ದವರಿಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಾರ್ಮೋನ್ ಚುಚ್ಚುಮದ್ದೂ ಜೊತೆಗಿರುತ್ತದೆ. ಮೈ ಬಿಸಿಯೇರುವುದು, ಸುಸ್ತು, ಮೂಳೆ ಸವೆತ ಅದರ ಬಳುವಳಿ.

ಇನ್ನು ನಿಮ್ಮ ದೇಹವೇ ಕೆಲವು ಬಾಗಿಲುಗಳನ್ನು ಮುಚ್ಚಿಬಿಟ್ಟಿರಬಹುದು. ಗ್ರಂಥಿ ದಪ್ಪವಾಗಿ ಮೂತ್ರ ಕಟ್ಟಿ ಕಟ್ಟಿ ಹೋಗುತ್ತಿದ್ದರೆ ವಿಕಿರಣ ಅದನ್ನು ಇನ್ನಷ್ಟು ಕೆಡಿಸಬಹುದು, ಆಪರೇಷನ್ನಾದರೆ ಆ ತೊಂದರೆಯೂ ಒಟ್ಟಿಗೇ ಕಳೆಯುತ್ತದೆ. ಕರುಳಿನ ಉರಿಯೂತದ ಹಳೆಯ ಕಾಯಿಲೆ ಇದ್ದವರಿಗೆ ಮತ್ತು ಹೊಟ್ಟೆಯ ಕೆಳಭಾಗಕ್ಕೆ ಹಿಂದೆ ವಿಕಿರಣ ಪಡೆದವರಿಗೆ ಕರೆಂಟ್ ಹೆಚ್ಚಾಗಿ ಒಗ್ಗುವುದಿಲ್ಲ. ಹೃದಯ ಅಥವಾ ಶ್ವಾಸಕೋಶ ದುರ್ಬಲವಾಗಿದ್ದು ಅರಿವಳಿಕೆ ಅಪಾಯವೆನಿಸಿದವರಿಗೆ ಆಪರೇಷನ್ ಒಗ್ಗುವುದಿಲ್ಲ. ನಮ್ಮ ತಂದೆಯವರ ಹೃದಯದಲ್ಲಿ ಸ್ಟೆಂಟ್ ಇತ್ತು, ಅತ್ತೆಯ ಮನೆ ಆಸ್ಪತ್ರೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಅವರು ವಿಕಿರಣ ಆಯ್ದುಕೊಳ್ಳುವಲ್ಲಿ ಎರಡನೆಯ ಕಾರಣದ ತೂಕ ಮೊದಲನೆಯದಕ್ಕಿಂತ ಕಡಿಮೆಯೇನಿರಲಿಲ್ಲ. ಬೀದರಿನಿಂದಲೋ ಕೊಡಗಿನಿಂದಲೋ ಬಂದವರಿಗೆ ನಾಲ್ಕು ವಾರದ ಬಾಡಿಗೆ ಕೋಣೆ, ಜೊತೆಗಿರುವ ಒಬ್ಬರ ಕೂಲಿ, ಇವೂ ಚಿಕಿತ್ಸೆಯ ಖರ್ಚೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ವಿಧಾನ ಅದರಡಿ ಬರುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಿ.

ಶಸ್ತ್ರವೈದ್ಯರನ್ನೂ ವಿಕಿರಣ ತಜ್ಞರನ್ನೂ ಬೇರೆಬೇರೆಯಾಗಿ ಕಾಣದೆ ಯಾವುದಕ್ಕೂ ಸಹಿ ಹಾಕಬೇಡಿ. ಬಯಾಪ್ಸಿ ಮಾಡಿದವರು ಮೂತ್ರರೋಗ ತಜ್ಞರೇ ಆಗಿರುವುದರಿಂದ ರೋಗಿ ಸಹಜವಾಗಿ ಅವರ ಕೈಯಲ್ಲೇ ಉಳಿಯುತ್ತಾನೆ, ಅವರಿಗೆ ಗೊತ್ತಿರುವುದು ಆಪರೇಷನ್. ನಾವು ಮೊದಲು ಹೋದ ಕಡೆ ರೋಬೋಟ್ ನೆರವಿನ ಆಪರೇಷನ್ನಿನ ಪ್ಯಾಕೇಜಿನ ದರಪಟ್ಟಿ ಕೈಗೆ ಬಂತೇ ಹೊರತು ವಿಕಿರಣ ಎಂಬ ಪದವೇ ಬರಲಿಲ್ಲ. ರೋಬೋಟಿನಿಂದ ರಕ್ತನಷ್ಟ ಕಡಿಮೆ, ಮನೆಗೆ ಬೇಗ ಬರಬಹುದು, ನಿಜ; ಆದರೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ತೆರೆದ ಆಪರೇಷನ್ನಿನ ಜೊತೆ ಅದನ್ನು ಹೋಲಿಸಿ ನೋಡಿದಾಗ ಎರಡು ವರ್ಷಗಳ ನಂತರದ ಮೂತ್ರದ ಹಿಡಿತದಲ್ಲಾಗಲಿ ಲೈಂಗಿಕ ಶಕ್ತಿಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಯಂತ್ರದ ಬಗ್ಗೆ ಕೇಳುವ ಬದಲು, ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ನೀವೇ ಮಾಡುತ್ತೀರಿ, ಒಂದು ವರ್ಷದ ನಂತರ ನಿಮ್ಮ ರೋಗಿಗಳಲ್ಲಿ ಎಷ್ಟು ಜನ ಪ್ಯಾಡ್ ಇಲ್ಲದೆ ಇದ್ದಾರೆ ಎಂದು ಶಸ್ತ್ರವೈದ್ಯರನ್ನು ಕೇಳಿ. ವಿಕಿರಣ ತಜ್ಞರನ್ನು, ನನಗೆ ಹಾರ್ಮೋನ್ ಬೇಕೇ, ಎಷ್ಟು ತಿಂಗಳು ಎಂದು ಕೇಳಿ. ಇಬ್ಬರನ್ನೂ, ಇದು ಮರುಕಳಿಸಿದರೆ ಮುಂದೇನು ಎಂದು ಕೇಳಿ. ಆಪರೇಷನ್ ಆದ ಮೇಲೆ ರೋಗ ಮರಳಿದರೆ ವಿಕಿರಣ ಕೊಡಬಹುದು. ವಿಕಿರಣದ ನಂತರ ಆಪರೇಷನ್ ಮಾಡುವುದು ಕಷ್ಟ, ಮಾಡುವವರೂ ಕಡಿಮೆ. ಅಪಾಯ ಹೆಚ್ಚಿರುವವರಿಗೆ ಆಪರೇಷನ್ ಮಾಡಿಯೂ ವಿಕಿರಣ ಬೇಕಾಗುವ ಸಂಭವ ಹೆಚ್ಚು, ಆಗ ಎರಡರ ತೊಂದರೆಯನ್ನೂ ಹೊರಬೇಕಾಗುತ್ತದೆ.

ಯಾವುದನ್ನು ಆಯ್ದುಕೊಂಡರೂ ಅದರ ಹೆಸರನ್ನೂ ದಿನಾಂಕವನ್ನೂ ಫೈಲಿನ ಹೊರಗೇ ದಪ್ಪಕ್ಷರದಲ್ಲಿ ಬರೆದಿಡಿ, ಏಕೆಂದರೆ ಮುಂದಿನ ಪಿಎಸ್ಎ ಅಂಕಿಯ ಅರ್ಥ ಅದರ ಮೇಲೆ ನಿಂತಿದೆ. ಆಪರೇಷನ್ ಆದವರಲ್ಲಿ ಪಿಎಸ್ಎ ಬಹುಮಟ್ಟಿಗೆ ಇಲ್ಲವೇ ಇಲ್ಲ ಎನ್ನುವಂತಿರಬೇಕು, 0.2 ಮುಟ್ಟಿ, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗ ಮರಳಿದೆ ಎಂದು ನೋಡುತ್ತಾರೆ. ವಿಕಿರಣವಾದವರಲ್ಲಿ ಅದು ತಿಂಗಳುಗಳ ಕಾಲ ಮೆಲ್ಲಗೆ ಇಳಿಯುತ್ತದೆ, ನಡುವೆ ಒಮ್ಮೆ ಏರಿ ತಾನೇ ಇಳಿಯುವುದೂ ಉಂಟು, ತಲುಪಿದ ಕನಿಷ್ಠಕ್ಕಿಂತ 2 ಹೆಚ್ಚಾದಾಗ ಮಾತ್ರ ಮರುಕಳಿಕೆ ಎನ್ನುತ್ತಾರೆ. ಇದು ಗೊತ್ತಿಲ್ಲದ ಊರಿನ ಲ್ಯಾಬಿನವರೊಬ್ಬರು ವಿಕಿರಣ ಮುಗಿದ ಮರುವರ್ಷ ತಂದೆಯವರ 0.9 ನೋಡಿ ತಲೆಯಾಡಿಸಿದ್ದಕ್ಕೆ, ನಮ್ಮ ಮನೆಯಲ್ಲಿ ಎರಡು ರಾತ್ರಿ ಯಾರೂ ನಿದ್ದೆ ಮಾಡಿರಲಿಲ್ಲ.